ರಾಮದೇವರ ಬೆಟ್ಟ: ರಣಹದ್ದುಗಳ ಉಳಿವು ದನ ಸಾಕುವವರ ಕೈಯಲ್ಲಿ

ರಾಮನಗರ: 1975ರಲ್ಲಿ ತೆರೆಕಂಡ ‘ಶೋಲೆ’ ಹಿಂದಿ ಚಿತ್ರದಿಂದ ದೇಶಕ್ಕೆಲ್ಲ ಪರಿಚಿತವಾದ ರಾಮದೇವರ ಬೆಟ್ಟ, ಉದ್ದ ಕೊಕ್ಕಿನ ರಣಹದ್ದುಗಳ ಅಪರೂಪದ ನೆಲೆಯೂ ಹೌದು. ಬೆಟ್ಟವೂ ಸೇರಿದಂತೆ 346.41 ಹೆಕ್ಟೇರ್ ಪ್ರದೇಶವನ್ನು ರಾಜ್ಯ ಸರ್ಕಾರ 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿತು. ದೇಶದಲ್ಲಿ ಇಂತಹ ಧಾಮ ಇದೇ ಮೊದಲು.

ಕಡಿದಾದ ಬಂಡೆಗಳ ಮೇಲೆ ಗೂಡು ಕಟ್ಟುವ ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಆದ್ದರಿಂದ ಒಂದು ಹಕ್ಕಿ ಸತ್ತರೂ ಆ ನಷ್ಟ ತುಂಬಲು ವರ್ಷಗಳೇ ಬೇಕು.

1990ರ ದಶಕದಿಂದೀಚೆಗೆ ದೇಶದಲ್ಲಿ ರಣಹದ್ದುಗಳ ಸಂಖ್ಯೆ ಶೇ 90ಕ್ಕಿಂತಲೂ ಹೆಚ್ಚು ಕುಸಿಯಿತು. ಜಾನುವಾರುಗಳಿಗೆ ನೋವು ನಿವಾರಣೆಗೆಂದು ನೀಡುತ್ತಿದ್ದ ಡೈಕ್ಲೋಫೆನಾಕ್ ಔಷಧವೇ ಇದಕ್ಕೆ ಮುಖ್ಯ ಕಾರಣ. ಈ ಔಷಧ ಪಡೆದು ಕೆಲವೇ ದಿನಗಳಲ್ಲಿ ಸತ್ತ ದನದ ಮಾಂಸ ತಿಂದರೆ ರಣಹದ್ದಿನ ಮೂತ್ರಪಿಂಡ ವಿಫಲವಾಗುತ್ತದೆ. ಪಶುಚಿಕಿತ್ಸೆಯಲ್ಲಿ ಇದರ ಬಳಕೆಯನ್ನು ಕೇಂದ್ರ ಸರ್ಕಾರ 2006ರಲ್ಲಿ ನಿಷೇಧಿಸಿತು. ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಔಷಧಗಳು 2023ರಲ್ಲಿ ನಿಷೇಧಕ್ಕೆ ಒಳಗಾದವು.

ಬೆಟ್ಟವನ್ನು ಅರಣ್ಯ ಇಲಾಖೆ ಕಾಯಬಲ್ಲದು. ಆದರೆ ಹಕ್ಕಿಗಳು ಆಹಾರ ಅರಸಿ ಧಾಮದ ಗಡಿಯಾಚೆ ಬಹುದೂರ ಹಾರುತ್ತವೆ. ಹೀಗಾಗಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಪಶುಪಾಲಕರು ಹಾಗೂ ಪಶುವೈದ್ಯರು ಮೆಲಾಕ್ಸಿಕಾಮ್‌ನಂತಹ ಸುರಕ್ಷಿತ ಔಷಧ ಬಳಸುವುದು, ಅಪಾಯಕಾರಿ ಔಷಧ ಪಡೆದು ಸತ್ತ ದನವನ್ನು ಬಯಲಿಗೆ ಎಸೆಯದೆ ಹೂಳುವುದು ಬೆಟ್ಟದ ಕಾವಲಿನಷ್ಟೇ ಮುಖ್ಯ.