ಕೊನೆಯ ಸಾಲಿಗೂ ಕೇಳಲಿ: ಬನಶಂಕರಿ ಜಾತ್ರೆಯ ಒಂದು ವಾಲ್ವ್ ಸೆಟ್

ಕಂಪನಿ ನಾಟಕಗಳ ಇತಿಹಾಸವನ್ನು ನಾವು ಹೆಚ್ಚಾಗಿ ಹೆಸರುಗಳ ಮೂಲಕ ಓದುತ್ತ ಬಂದಿದ್ದೇವೆ. ಗದಗಿನ ದತ್ತಾತ್ರೇಯ ನಾಟಕ ಮಂಡಳಿಯ ಗರುಡ ಸದಾಶಿವರಾಯರು, ಗುಬ್ಬಿ ವೀರಣ್ಣನವರು, ಕಲಾವೈಭವ ನಾಟ್ಯಸಂಘದ ಏಣಗಿ ಬಾಳಪ್ಪನವರು, ಹುನಗುಂದ ತಾಲ್ಲೂಕಿನ ಸೂಳೇಭಾವಿಯಿಂದ ಬಂದು ‘ಸಂಪತ್ತಿಗೆ ಸವಾಲ್’ ಬರೆದ ಪಿ.ಬಿ. ಧುತ್ತರಗಿಯವರು. ಯಾರು ಬರೆದರು, ಯಾರು ಆಡಿದರು, ಪರದೆ ಹೇಗಿತ್ತು ಎಂಬುದಕ್ಕೆಲ್ಲ ಪುಸ್ತಕಗಳಿವೆ. ಆದರೆ ಕೊನೆಯ ಸಾಲಿನಲ್ಲಿ ಕೂತವನಿಗೆ ಮಾತು ಕೇಳುತ್ತಿತ್ತೇ? ಕೇಳಿದ್ದರೆ ಹೇಗೆ? ಬಾಗಲಕೋಟೆ ಸೀಮೆಯ ವೃತ್ತಿರಂಗಭೂಮಿಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನ್ನನ್ನು ಮೂರು ವರ್ಷಗಳಿಂದ ಕಾಡುತ್ತಿರುವುದು ಈ ಪ್ರಶ್ನೆ. ಉತ್ತರದ ಒಂದು ತುಣುಕು ಸಿಕ್ಕಿದ್ದು ಪುಸ್ತಕದಲ್ಲಲ್ಲ, ಮಹಾಕೂಟದ ಹತ್ತಿರದ ಒಂದು ಮನೆಯ ಅಟ್ಟದ ಮೇಲಿದ್ದ ಕಬ್ಬಿಣದ ಪೆಟ್ಟಿಗೆಯಲ್ಲಿ.

ಮೊದಲು ಜಾತ್ರೆಯ ಮಾತು. ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಚೋಳಚಗುಡ್ಡದ ಬನಶಂಕರಿಯಲ್ಲಿ ಬನದ ಹುಣ್ಣಿಮೆಗೆ ತೇರು ಎಳೆಯುತ್ತಾರೆ. ತೇರಿನ ನಂತರವೂ ವಾರಗಟ್ಟಲೆ ಜಾತ್ರೆ ನಿಲ್ಲುವುದು ನಾಟಕಗಳಿಂದ. ಹಲವು ಕಂಪನಿಗಳು ಅಕ್ಕಪಕ್ಕದಲ್ಲೇ ಥಿಯೇಟರ್ ಹಾಕುತ್ತವೆ. ಥಿಯೇಟರ್ ಎಂದರೆ ತಗಡು ಮತ್ತು ಬಟ್ಟೆಯ ಗೋಡೆ. ಒಂದು ಕಂಪನಿಯ ನಾಯಕಿ ಅಳುವಾಗ ಪಕ್ಕದ ಕಂಪನಿಯ ಹಾಸ್ಯಗಾರ ನಗಿಸುತ್ತಿರುತ್ತಾನೆ. ಬಟ್ಟೆಯ ಗೋಡೆ ಕಣ್ಣಿಗೆ ಮರೆ, ಕಿವಿಗೆ ಮರೆಯಲ್ಲ.

ಮೈಕು ಬರುವ ಮುಂಚೆ ಈ ತೊಂದರೆಗೆ ಇದ್ದ ಮದ್ದು ನಟನ ಎದೆ ಮಾತ್ರ. ಕಾಲುಪೆಟ್ಟಿಗೆಯ ಶ್ರುತಿ ಎತ್ತರಕ್ಕಿರುತ್ತಿತ್ತು, ಏಕೆಂದರೆ ಎತ್ತರದ ದನಿ ದೂರ ಹೋಗುತ್ತದೆ. ಮಾತನ್ನು ಎಳೆದು ಹೇಳುವುದು, ಪ್ರತಿ ಅಕ್ಷರವನ್ನೂ ಬಿಡಿಸಿ ಒಗೆಯುವುದು, ಮುಖವನ್ನು ಪ್ರೇಕ್ಷಕರ ಕಡೆಗೇ ಇಟ್ಟುಕೊಳ್ಳುವುದು, ಇವನ್ನೆಲ್ಲ ನಾವು ಈಗ ‘ಕಂಪನಿ ಶೈಲಿ’ ಎಂದು ಕರೆದು ಕೆಲವೊಮ್ಮೆ ನಗುತ್ತೇವೆ. ಅದರಲ್ಲಿ ಬಹುಪಾಲು ಶೈಲಿಯಲ್ಲ, ಕೊನೆಯ ಸಾಲಿನ ಲೆಕ್ಕ. ಇದೇ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡುವ ಹೊತ್ತಿಗೆ, ಸ್ಟುಡಿಯೋದ ಮೈಕಿನ ಮುಂದೆ ಮೆಲುದನಿಯಲ್ಲಿ ಹಾಡಿದರೂ ದೇಶಕ್ಕೆಲ್ಲ ಕೇಳುತ್ತಿತ್ತು. ಆದರೆ ಜಾತ್ರೆಯ ಥಿಯೇಟರಿನಲ್ಲಿ ನಟ ತನ್ನ ಗಂಟಲನ್ನೇ ನಂಬಬೇಕಿತ್ತು.

ಆ ಗಂಟಲಿನ ಭಾರವನ್ನು ಹಂಚಿಕೊಂಡದ್ದು ವಾಲ್ವ್. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಬಿಸಿಯಾದ ಒಂದು ಲೋಹದಿಂದ ಎಲೆಕ್ಟ್ರಾನುಗಳು ಹೊರಟು ಎದುರಿನ ತಗಡನ್ನು ಸೇರುತ್ತವೆ. ನಡುವೆ ಒಂದು ಜಾಲರಿ. ಮೈಕಿನಿಂದ ಬಂದ ಸಣ್ಣ ವಿದ್ಯುತ್ತು ಆ ಜಾಲರಿಯಲ್ಲಿ ಏರಿಳಿದರೆ, ದೊಡ್ಡ ಪ್ರವಾಹವೂ ಅದರಂತೆಯೇ ಏರಿಳಿಯುತ್ತದೆ. ಕಾಲುವೆಯ ತೂಬನ್ನು ಒಂದು ಕೈ ಎತ್ತಿ ಇಳಿಸಿದಂತೆ. ಅಮೆರಿಕದ ಲೀ ಡಿ ಫಾರೆಸ್ಟ್ ಇಂಥ ವಾಲ್ವ್ ಮಾಡಿದ್ದು 1906ರಲ್ಲಿ. ನಮ್ಮ ದೇಶದಲ್ಲಿ ಗಾಂಧಿ, ನೆಹರೂ ಅವರ ಸಭೆಗಳ ಹಳೆಯ ಚಿತ್ರಗಳನ್ನು ನೋಡಿದರೆ ಎದುರಿನ ಮೈಕಿನ ಮೇಲೆ ‘ಶಿಕಾಗೊ ರೇಡಿಯೊ’ ಎಂಬ ಹೆಸರು ಕಾಣುತ್ತದೆ. ಹೆಸರು ಅಮೆರಿಕದ್ದು, ನಡೆಸುತ್ತಿದ್ದವರು ಮುಂಬಯಿಯ ಮೋಟ್ವಾನೆ ಮನೆತನದವರು. ದೆಹಲಿಯ ಅಹುಜಾ 1940ರಲ್ಲಿ ಶುರುವಾಯಿತು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವುಗಳನ್ನು ತಯಾರಿಸತೊಡಗಿತು. ರಾಜಕೀಯ ಸಭೆಗೆ ಬಂದ ಯಂತ್ರ ಮದುವೆಗೆ, ಜಾತ್ರೆಗೆ, ನಾಟಕಕ್ಕೆ ಬಂತು. ಜನ ಅದಕ್ಕೆ ಇಟ್ಟ ಹೆಸರು ‘ಮೈಕ್‌ಸೆಟ್’.

ಮಹಾಕೂಟದ ಪೆಟ್ಟಿಗೆ ಅಂಥದೊಂದು ಮೈಕ್‌ಸೆಟ್ಟಿನ ಆಂಪ್ಲಿಫೈಯರ್. ಅದರ ಒಡೆಯರು ಹಿಂದೆ ಬಾಡಿಗೆಗೆ ಮೈಕು ಕಟ್ಟುತ್ತಿದ್ದವರು. ಕಂಪನಿ ಎಂಬ ಹೆಸರಿನ ಪಟ್ಟಿ ಉದುರಿಹೋಗಿದೆ. ಮುಚ್ಚಳ ತೆಗೆಯುವ ಮುಂಚೆ ಅವರು ಒಂದು ಬಲ್ಬಿನ ಎರಡು ತಂತಿಗಳನ್ನು ಒಳಗೆ ತಾಗಿಸಿದರು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಮುನ್ನೂರು ವೋಲ್ಟಿಗೂ ಮಿಕ್ಕಿ ಉಳಿದಿರಬಹುದು, ಅದು ಕೈಗೆ ತಾಗಿದರೆ ಅಪಾಯ. ಆಮೇಲೆ ನಾನು ಒಳಗಿನದನ್ನು ಶಾಸನ ಓದುವ ಹಾಗೆ ಓದಲು ಕೂತೆ.

ಮೊದಲ ಕೈಬರಹ ಕಾರ್ಖಾನೆಯದು. ಅಚ್ಚುಕಟ್ಟಾಗಿ ಕೊರೆದ ಎರಡು ದೊಡ್ಡ ತೂತುಗಳು, ಅವುಗಳಲ್ಲಿ ಎರಡು 6ಎಲ್6 ವಾಲ್ವುಗಳು. ಇದು 1936ರಲ್ಲಿ ಆರ್‌ಸಿಎ ಕಂಪನಿ ತಂದ ಜಾತಿ. ಒಂದು ತಳ್ಳಿದರೆ ಇನ್ನೊಂದು ಎಳೆಯುವಂತೆ ಜೋಡಿಯಾಗಿ ದುಡಿಸಿದರೆ, 360 ವೋಲ್ಟಿನಲ್ಲಿ ಸುಮಾರು 26 ವ್ಯಾಟ್ ಕೊಡುತ್ತದೆ. ಎರಡನೆಯ ಕೈಬರಹ ಬೇರೆಯವರದು. ಅವುಗಳ ಪಕ್ಕದಲ್ಲಿ ಅರದಿಂದ ಉಜ್ಜಿ ಅಗಲಿಸಿದ, ಅಂಚು ಒರಟಾದ ಇನ್ನೆರಡು ತೂತುಗಳು. ಅವುಗಳಲ್ಲಿ ಇನ್ನೆರಡು 6ಎಲ್6.

‘ಇವೆರಡು ಆಮ್ಯಾಲೆ ಹಾಕಿಸಿದ್ದು, ತಂಗೀ’ ಎಂದರು ಅವರು. ‘ಯಾಕ ಕಾಕಾ?’ ಎಂದೆ. ‘ಬಾಜೂ ಥೇಟರ್‌ನವರ ದನಿ ನಮ್ಮ ನಾಟಕದಾಗ ಬರತಿತ್ತಲ್ಲ!’

ಎರಡು ವಾಲ್ವ್ ಸೇರಿಸಿದರೆ ಶಕ್ತಿ ತಾನಾಗಿ ಎರಡರಷ್ಟಾಗುವುದಿಲ್ಲ. ವಾಲ್ವುಗಳು ತಮ್ಮ ಕೆಲಸವನ್ನು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಮೂಲಕ ಸ್ಪೀಕರಿಗೆ ಒಪ್ಪಿಸುತ್ತವೆ. ಒಂದು ಜೋಡಿಗೆ ಸುಮಾರು 6,600 ಓಮ್‌ನ ಹೊರೆ ಒಪ್ಪಿದರೆ, ಎರಡು ಜೋಡಿಗೆ ಅದರ ಅರ್ಧ, 3,300 ಓಮ್ ಬೇಕು. ಹಳೆಯ ಟ್ರಾನ್ಸ್‌ಫಾರ್ಮರನ್ನೇ ಬಿಟ್ಟರೆ ವಾಲ್ವಿನ ಖರ್ಚು ಹೆಚ್ಚಾಗುತ್ತದೆ, ದನಿ ಅಷ್ಟೇ ಇರುತ್ತದೆ. ನಾಲ್ಕು ವಾಲ್ವುಗಳ ಒಲೆ ಉರಿಸಲು 1.8 ಆಂಪಿಯರ್ ಬದಲು 3.6 ಆಂಪಿಯರ್ ಬೇಕು, ಮೇಲಿನ ಹೆಚ್ಚಿನ ವೋಲ್ಟೇಜಿನ ಪ್ರವಾಹವೂ ಎರಡು ಪಟ್ಟು ಬೇಕು. ಈ ಪೆಟ್ಟಿಗೆಯನ್ನು ತಿದ್ದಿದ ಮೆಕ್ಯಾನಿಕ್ಕಿಗೆ ಇದೆಲ್ಲ ಗೊತ್ತಿತ್ತು. ಎರಡೂ ಟ್ರಾನ್ಸ್‌ಫಾರ್ಮರುಗಳನ್ನು ಕೈಯಿಂದ ಮತ್ತೆ ಸುತ್ತಲಾಗಿದೆ. ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವವರ ಅಂಗಡಿಯಲ್ಲಿ ಮಾಡಿಸಿದ್ದಂತೆ. ರೆಕ್ಟಿಫೈಯರ್ ವಾಲ್ವಿನ ಸಾಕೆಟ್ ಖಾಲಿ ಇದೆ, ಅದರ ಕೆಳಗೆ ಸಿಲಿಕಾನ್ ಡಯೋಡುಗಳನ್ನು ಬೆಸುಗೆ ಹಾಕಲಾಗಿದೆ.

ಕಾಲ ಹೇಳಲು ನನಗೆ ಸಿಕ್ಕ ಎಳೆಯೂ ಇದೇ. ವಾಲ್ವನ್ನು ಯಾವಾಗ ಬೇಕಾದರೂ ಕಿತ್ತು ಬದಲಿಸಬಹುದು, ಹಾಗಾಗಿ ಅದರ ಮೇಲಿನ ಬೆಂಗಳೂರಿನ ಮುದ್ರೆ ಪೆಟ್ಟಿಗೆಯ ವಯಸ್ಸನ್ನು ಹೇಳುವುದಿಲ್ಲ. ಆದರೆ ಬೆಸುಗೆ ಹಾಕಿದ್ದು ಅಲ್ಲೇ ಉಳಿಯುತ್ತದೆ. ಸಿಲಿಕಾನ್ ಡಯೋಡ್ ಸಣ್ಣ ಊರಿನ ಅಂಗಡಿಗೂ ಬಂದ ಮೇಲೆ, ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಇದನ್ನು ಮೂಲೆಗೆ ತಳ್ಳುವ ಮುಂಚೆ, ಆ ನಡುವಿನ ಕೆಲವು ವರ್ಷಗಳ ಕೆಲಸ ಇದು.

ಇಷ್ಟೆಲ್ಲ ಮಾಡಿ ಗಳಿಸಿದ್ದೆಷ್ಟು? ಲೆಕ್ಕ ಸ್ವಲ್ಪ ನಿಷ್ಠುರವಾಗಿದೆ. ಶಕ್ತಿ ಎರಡರಷ್ಟಾದರೆ ದನಿಯ ಮಟ್ಟ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ‘ಎರಡು ಪಟ್ಟು ಜೋರು’ ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಬಯಲಿನಲ್ಲಿ ದೂರ ಎರಡರಷ್ಟಾದಾಗ ದನಿ 6 ಡೆಸಿಬೆಲ್ ಇಳಿಯುತ್ತದೆ. ಹಾಗಾಗಿ ಮೊದಲು 200 ಅಡಿ ದೂರದಲ್ಲಿ ಕೇಳುತ್ತಿದ್ದ ಮಾತು, ನಾಲ್ಕು ವಾಲ್ವಿನ ಮೇಲೆ 280 ಅಡಿಯಲ್ಲಿ ಅಷ್ಟೇ ಸ್ಪಷ್ಟವಾಗಿ ಕೇಳೀತು. ಎಂಬತ್ತು ಅಡಿಯ ಲಾಭ. ಪಕ್ಕದ ಥಿಯೇಟರಿನವರೂ ಮರುವರ್ಷ ಇದನ್ನೇ ಮಾಡಿಸಿದರೆ ಆ ಎಂಬತ್ತು ಅಡಿಯೂ ಇಲ್ಲ. ಇಬ್ಬರ ದನಿಯೂ ಏರಿ, ನಡುವಿನ ಬಟ್ಟೆಯ ಗೋಡೆಯ ಹತ್ತಿರ ಕೂತವನಿಗೆ ಮೊದಲಿನಷ್ಟೇ ಗೊಂದಲ.

ಇದೇ ಹಟ ಬೇರೆಡೆಯೂ ಇತ್ತು. ಲಂಡನ್ನಿನ ಜಿಮ್ ಮಾರ್ಷಲ್ ತನ್ನ ಗಿಟಾರ್ ಆಂಪ್ಲಿಫೈಯರುಗಳನ್ನು ಮಾರತೊಡಗಿದ್ದು 1962ರಲ್ಲಿ. ‘ದಿ ಹೂ’ ತಂಡದ ಪೀಟ್ ಟೌನ್‌ಶೆಂಡ್‌ಗೆ ಇನ್ನೂ ಜೋರು ಬೇಕಿತ್ತು. 1965ರ ಹೊತ್ತಿಗೆ ಎರಡು ವಾಲ್ವುಗಳ ಜಾಗದಲ್ಲಿ ನಾಲ್ಕು ಬಂದು 100 ವ್ಯಾಟಿನ ಪೆಟ್ಟಿಗೆ ತಯಾರಾಯಿತು. ದಾರಿ ಒಂದೇ, ಫಲ ಬೇರೆ. ವಾಲ್ವನ್ನು ಮಿತಿ ಮೀರಿ ದುಡಿಸಿದಾಗ ದನಿ ಒಡೆಯುತ್ತದೆ. ಗಿಟಾರಿನವರು ಆ ಒಡಕನ್ನೇ ಹೊಸ ನಾದವೆಂದು ಅಪ್ಪಿಕೊಂಡರು. ನಾಟಕದವರಿಗೆ ಅದು ನಷ್ಟ. ಮಾತಿನ ಬಲ ಸ್ವರಗಳಲ್ಲಿದೆ, ಅರ್ಥ ಹೆಚ್ಚಾಗಿ ವ್ಯಂಜನಗಳಲ್ಲಿದೆ. ದನಿ ಒಡೆದಾಗ ಮಾತಿನ ಸ್ಪಷ್ಟತೆ ಕೆಡುತ್ತದೆ. ಅಬ್ಬರ ಉಳಿಯುತ್ತದೆ, ಮಾತು ಕರಗುತ್ತದೆ.

ಕಂಪನಿ ನಾಟಕದ ಇತಿಹಾಸದಲ್ಲಿ ‘ಅಬ್ಬರ ಹೆಚ್ಚಾಯಿತು, ಸಾಹಿತ್ಯ ಕಡಿಮೆಯಾಯಿತು’ ಎಂಬ ದೂರು ಆಗಾಗ ಬರುತ್ತದೆ. ಅದನ್ನು ನಟರ, ಮಾಲೀಕರ, ಪ್ರೇಕ್ಷಕರ ಅಭಿರುಚಿಯ ಮೇಲೆ ಹೊರಿಸುವುದು ಸುಲಭ. ಈ ಪೆಟ್ಟಿಗೆಯನ್ನು ನೋಡಿದ ಮೇಲೆ ನನಗೆ ಅನ್ನಿಸುವುದು, ಆ ದೂರಿನಲ್ಲಿ ಒಂದು ಪಾಲು ಯಂತ್ರದ್ದೂ ಇದೆ ಎಂದು. ರಂಗದ ಮೇಲೆ ತೂಗುಬಿಟ್ಟ ಒಂದೆರಡು ಮೈಕುಗಳ ಕೆಳಗೆ ಬಂದು ನಿಂತೇ ಮಾತಾಡಬೇಕಾದ ನಟ ಓಡಾಟ ಬಿಟ್ಟ. ಪಕ್ಕದವರ ಹಾರ್ನಿಗೆ ಉತ್ತರ ಕೊಡಬೇಕಾದ ಮೈಕಿನವರು ಗುಂಡಿ ತಿರುಗಿಸುತ್ತ ಹೋದರು. ಒಡೆದ ದನಿಯಲ್ಲಿ ಉದ್ದನೆಯ ಸೂಕ್ಷ್ಮ ಮಾತು ನಿಲ್ಲುವುದಿಲ್ಲ, ಚುಟುಕು ಮಾತು, ಚಪ್ಪಾಳೆಯ ಮಾತು ನಿಲ್ಲುತ್ತದೆ. ಅಭಿರುಚಿ ಕೆಟ್ಟಿತೇ, ಇಲ್ಲ ಕೇಳಿಸುವುದಷ್ಟನ್ನೇ ಬರೆಯತೊಡಗಿದರೇ? ಈ ಪ್ರಶ್ನೆಯನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ.

ಮಹಾಕೂಟಕ್ಕೆ ಇತಿಹಾಸದ ವಿದ್ಯಾರ್ಥಿಗಳು ಬರುವುದು ಶಾಸನಗಳಿಗಾಗಿ. ಕ್ರಿ.ಶ. 600ರ ಆಸುಪಾಸಿನ ಮಂಗಳೇಶನ ಕಂಬ ಇಲ್ಲಿಂದ ವಿಜಯಪುರದ ವಸ್ತುಸಂಗ್ರಹಾಲಯಕ್ಕೆ ಹೋಗಿ ಕ್ಷೇಮವಾಗಿದೆ. ನೂರು ವರ್ಷಗಳ ಆಚೀಚೆ ವಿಜಯಾದಿತ್ಯನ ಪ್ರಿಯೆ ವಿನಾಪೋಟಿ ಕೊಟ್ಟ ದಾನದ ಕನ್ನಡ ಶಾಸನ ಗುಡಿಯ ಕಂಬದ ಮೇಲಿದೆ. ಒಬ್ಬರು ಕಟ್ಟಿದ್ದಕ್ಕೆ ಇನ್ನೊಬ್ಬರು ಸೇರಿಸಿದ್ದು ಕಲ್ಲಿನಲ್ಲಿ ಉಳಿಯಿತು, ನಾವು ಓದಿದೆವು. ಕಬ್ಬಿಣದ ಪೆಟ್ಟಿಗೆಗೆ ಆ ಅದೃಷ್ಟವಿಲ್ಲ. ಗುಜರಿಯವರಿಗೆ ಅದು ಇಷ್ಟು ಕಿಲೋ ತಾಮ್ರ, ಇಷ್ಟು ಕಿಲೋ ಕಬ್ಬಿಣ. ಟ್ರಾನ್ಸ್‌ಫಾರ್ಮರ್ ಒಡೆದರೆ ಮೊದಲು ಹೋಗುವುದು ಆ ಕೈಸುತ್ತಿನ ತಂತಿ, ಅಂದರೆ ನನ್ನ ಶಾಸನದ ಎರಡನೆಯ ಕೈಬರಹ.

ನಾನು ಪೆಟ್ಟಿಗೆಯ ತೂತುಗಳ ಅಳತೆ ತೆಗೆದುಕೊಂಡೆ, ತಂತಿಗಳ ನಕ್ಷೆ ಬರೆದುಕೊಂಡೆ, ಯಾವ ಬೆಸುಗೆ ಕಾರ್ಖಾನೆಯದು, ಯಾವುದು ಆಮೇಲಿನದು ಎಂದು ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿದೆ. ಓದುಗರಲ್ಲಿ ಕೇಳುವುದಿಷ್ಟೇ. ನಿಮ್ಮ ಊರಿನಲ್ಲೂ ಮೈಕ್‌ಸೆಟ್ಟಿನವರ ಮನೆಯ ಅಟ್ಟವೊಂದು ಇರುತ್ತದೆ. ಪೆಟ್ಟಿಗೆ ತಕ್ಕಡಿಗೆ ಏರುವ ಮುಂಚೆ, ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಚ್ಚಳ ತೆಗೆಸಿ ನೋಡಿ. ಅರದ ಗುರುತಿನ ತೂತು ಕಂಡರೆ, ಅದನ್ನು ಯಾವ ಜಾತ್ರೆಗಾಗಿ ಕೊರೆಸಿದರು, ಪಕ್ಕದಲ್ಲಿ ಯಾವ ಕಂಪನಿ ಇತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಿ.