ಆಕ್ಸಿಜನ್ ಪೀಟ್ ಮತ್ತು 1.4ರ ಗೆರೆ

ಸ್ಕೂಬಾ ಡೈವಿಂಗ್ ಮಾಡೋರ ಫೋಟೋ ನೋಡಿದ ಕೂಡಲೇ ನಾವೆಲ್ಲ "ಬೆನ್ನಿಗೆ ಆಕ್ಸಿಜನ್ ಸಿಲಿಂಡರ್ ಕಟ್ಕೊಂಡಿದಾರೆ" ಅಂತೀವಿ. ಸಾಮಾನ್ಯವಾಗಿ ಅದರಲ್ಲಿರೋದು ನಾವು ನೀವು ಉಸಿರಾಡೋ ಮಾಮೂಲಿ ಗಾಳಿ, ಒತ್ತಿ ತುಂಬಿದ್ದು ಅಷ್ಟೆ. ಬರೀ ಆಕ್ಸಿಜನ್ ತುಂಬಿಕೊಂಡು 20 ಮೀಟರ್ ಇಳಿದರೆ ಪ್ರಾಣವಾಯುವೇ ಪ್ರಾಣ ತೆಗೆದುಬಿಡಬಹುದು. ಅತಿಯಾದರೆ ಅಮೃತವೂ ವಿಷ ಅಂತಾರಲ್ಲ, ಇಲ್ಲಿ ಅದು ಅಕ್ಷರಶಃ ನಿಜ. ಹಾಗಾದ್ರೆ 'ಅತಿ' ಎಲ್ಲಿಂದ ಶುರು? ಅದನ್ನು ಹುಡುಕಿದ ಕತೆಯೇ ಈ ಬರಹ.

ಮೊದಲು ಸ್ವಲ್ಪ ಲೆಕ್ಕ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 1 ಅಟ್ಮಾಸ್ಫಿಯರ್. ನೀರಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಸುಮಾರು ಇನ್ನೊಂದು ಸೇರುತ್ತೆ. ಗಾಳಿಯಲ್ಲಿ ಆಕ್ಸಿಜನ್ 21%, ಅಂದ್ರೆ ಒಟ್ಟು ಒತ್ತಡದಲ್ಲಿ ಅದರ ಪಾಲು 0.21. ಅದೇ ಗಾಳಿಯನ್ನು 30 ಮೀಟರ್ ಆಳದಲ್ಲಿ ಉಸಿರಾಡಿದರೆ ಒಟ್ಟು ಒತ್ತಡ 4, ಆಕ್ಸಿಜನ್ ಪಾಲು 0.84. ದೇಹಕ್ಕೆ ಮುಖ್ಯ ಆಗೋದು ಸಿಲಿಂಡರಿನ ಶೇಕಡಾವಾರು ಅಲ್ಲ, ಈ ಪಾಲಿನ ಒತ್ತಡ.

ಇದನ್ನು ತೋರಿಸಿಕೊಟ್ಟವನು ಫ್ರಾನ್ಸಿನ ಪಾಲ್ ಬೆರ್. ಆಕ್ಸಿಜನ್ ಕಂಡುಹಿಡಿದ ಪ್ರೀಸ್ಟ್ಲಿಗೇ ಒಂದು ಅನುಮಾನ ಇತ್ತು: ಮೇಣದಬತ್ತಿ ಇದರಲ್ಲಿ ಬೇಗ ಉರಿದು ಮುಗಿಯೋ ಹಾಗೆ ಮನುಷ್ಯನೂ ಬೇಗ ಮುಗಿದುಹೋದರೆ? ಅದಾಗಿ ನೂರು ವರ್ಷದ ಮೇಲೆ, 1878ರಲ್ಲಿ, ಬೆರ್ ತನ್ನ ದೊಡ್ಡ ಪುಸ್ತಕ ಪ್ರಕಟಿಸಿದ. ಹೆಚ್ಚಿನ ಒತ್ತಡದ ಆಕ್ಸಿಜನ್ ಪ್ರಾಣಿ ಪಕ್ಷಿಗಳಿಗೆ ಫಿಟ್ಸ್ ಬರಿಸಿ ಕೊಲ್ಲುತ್ತೆ ಅಂತ ಅದರಲ್ಲಿತ್ತು. 1899ರಲ್ಲಿ ಲೊರೇನ್ ಸ್ಮಿತ್ ಇನ್ನೊಂದು ತೊಂದರೆ ಕಂಡ. ಇಷ್ಟು ಒತ್ತಡ ಇಲ್ಲದಿದ್ದರೂ ಬಹಳ ಹೊತ್ತು ಉಸಿರಾಡಿದರೆ ಶ್ವಾಸಕೋಶ ಹಾಳಾಗುತ್ತೆ.

ಆದರೆ ಮನುಷ್ಯನಿಗೆ ಎಷ್ಟು ಸುರಕ್ಷಿತ ಅನ್ನೋ ಪ್ರಶ್ನೆ ತುರ್ತಾಗಿದ್ದು ಎರಡನೇ ಮಹಾಯುದ್ಧದಲ್ಲಿ. ಬರೀ ಆಕ್ಸಿಜನ್ ಬಳಸಿ, ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಮತ್ತೆ ಎಳೆದುಕೊಳ್ಳೋ ಸಾಧನದಿಂದ ನೀರ ಮೇಲೆ ಗುಳ್ಳೆ ಬರಲ್ಲ, ಶತ್ರುವಿಗೆ ಕಾಣಲ್ಲ. 1941ರ ಡಿಸೆಂಬರಿನಲ್ಲಿ ಇಟಲಿಯ ಮುಳುಗುಗಾರರು ಹೀಗೇ ಅಲೆಕ್ಸಾಂಡ್ರಿಯಾ ಬಂದರಿಗೆ ನುಗ್ಗಿ ಬ್ರಿಟನ್ನಿನ ಎರಡು ದೊಡ್ಡ ಯುದ್ಧನೌಕೆಗಳಿಗೆ ಬಾಂಬ್ ಕಟ್ಟಿದರು. ಬ್ರಿಟನ್ನಿಗೂ ಅಂಥವರು ಬೇಕಾದರು. ಎಷ್ಟು ಆಳ, ಎಷ್ಟು ಹೊತ್ತು ಅಂತ ಹೇಳೋ ಕೆಲಸ ನೌಕಾಪಡೆಯ ಡಾಕ್ಟರ್ ಕೆನೆತ್ ಡೊನಾಲ್ಡ್‌ಗೆ ಬಂತು.

ಅವರು 1942ರಿಂದ 1945ರವರೆಗೆ ಸ್ವಯಂಸೇವಕರನ್ನು ನೀರಿನ ಟ್ಯಾಂಕಿನಲ್ಲಿ, ಒತ್ತಡದಲ್ಲಿ ಇಳಿಸಿ ನೋಡಿದರು. ಒಟ್ಟು 2000ಕ್ಕೂ ಹೆಚ್ಚು ಸಲ. ತುಟಿ ಅದುರೋದು, ವಾಕರಿಕೆ, ಆಮೇಲೆ ಫಿಟ್ಸ್... ಕೆಲವರಿಗೆ ಯಾವ ಮುನ್ಸೂಚನೆಯೂ ಇಲ್ಲದೆ ನೇರ ಫಿಟ್ಸ್. ಟ್ಯಾಂಕಿನ ತಳದಲ್ಲಿ 'ಆಕ್ಸಿಜನ್ ಪೀಟ್' ಅನ್ನೋ ಭೂತ ಕೂತಿದೆ, ಮೈಮರೆತವರನ್ನ ಹಿಡಿಯುತ್ತೆ ಅಂತ ಮುಳುಗುಗಾರರು ಕತೆ ಕಟ್ಟಿದ್ದರು. ಒಣ ಕೋಣೆಯಲ್ಲಿ ತಡೆದುಕೊಂಡವರೂ ನೀರಲ್ಲಿ, ಅದರಲ್ಲೂ ಮೈಬಗ್ಗಿಸಿ ಕೆಲಸ ಮಾಡುವಾಗ, ಬೇಗ ಬೀಳುತ್ತಿದ್ದರು.

ನನ್ನನ್ನ ಬೆಚ್ಚಿಬೀಳಿಸಿದ್ದು ಡೊನಾಲ್ಡ್ ದಾಖಲಿಸಿದ ಒಂದೇ ಒಂದು ಫಲಿತಾಂಶ. ಒಬ್ಬನೇ ಮನುಷ್ಯ, ಒಂದೇ ಆಳ, 70 ಅಡಿ. ಮೂರು ತಿಂಗಳಲ್ಲಿ 20 ಸಲ ಇಳಿದ. ಒಂದು ದಿನ 7 ನಿಮಿಷಕ್ಕೇ ವಿಷದ ಲಕ್ಷಣ ಕಾಣಿಸಿತು. ಇನ್ನೊಂದು ದಿನ 148 ನಿಮಿಷ ತಡೆದುಕೊಂಡ! ಅಂದ್ರೆ ಗೆರೆ ಮನುಷ್ಯನಿಂದ ಮನುಷ್ಯನಿಗೆ ಮಾತ್ರ ಅಲ್ಲ, ಒಬ್ಬನಲ್ಲೇ ದಿನದಿಂದ ದಿನಕ್ಕೆ ಜರುಗುತ್ತಿತ್ತು. ಕೊನೆಗೆ ಡೊನಾಲ್ಡ್, ಬರೀ ಆಕ್ಸಿಜನ್‌ನಲ್ಲಿ 25 ಅಡಿಗಿಂತ ಕೆಳಗೆ ಹೋಗೋದು ಜೂಜು ಅನ್ನೋ ತೀರ್ಮಾನಕ್ಕೆ ಬಂದು, 1947ರಲ್ಲಿ ಎಲ್ಲವನ್ನೂ ಪ್ರಕಟಿಸಿದರು.

ಆ ಕಾಲದಲ್ಲೇ ತನ್ನ ಮೈಮೇಲೆಯೇ ಇಂಥ ಪ್ರಯೋಗ ಮಾಡಿಕೊಂಡ ಇನ್ನೊಬ್ಬರು ಜೆ.ಬಿ.ಎಸ್. ಹಾಲ್ಡೇನ್. ಆಕ್ಸಿಜನ್‌ನಿಂದ ಫಿಟ್ಸ್ ಬಂದು ಅವರ ಬೆನ್ನುಮೂಳೆಗೇ ಪೆಟ್ಟಾಯಿತು. ಇದೇ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ನಾವು ಅವರನ್ನು ತಳಿವಿಜ್ಞಾನಿ ಅಂತಷ್ಟೇ ನೆನೆಯುತ್ತೀವಿ.

ಇರಲಿ, ಈಗ 'ನೈಟ್ರಾಕ್ಸ್'ಗೆ ಬರೋಣ. ಆಳದಲ್ಲಿ ನೈಟ್ರೋಜನ್ ಮೈಯಲ್ಲಿ ಕರಗಿ, ಮೇಲೆ ಬರುವಾಗ ಗುಳ್ಳೆಯಾಗಿ ಕಾಡುತ್ತೆ. ಅದನ್ನು ಕಡಿಮೆ ಮಾಡಿ ಆಕ್ಸಿಜನ್ ಹೆಚ್ಚಿಸಿದರೆ ಕೆಳಗೆ ಹೆಚ್ಚು ಹೊತ್ತು ಇರಬಹುದು. ಅಮೆರಿಕದ ನೋವಾ ಸಂಸ್ಥೆಯಲ್ಲಿ ಮಾರ್ಗನ್ ವೆಲ್ಸ್ 1970ರ ದಶಕದಲ್ಲಿ 32% ಮಿಶ್ರಣವನ್ನು ರೂಢಿಗೆ ತಂದರು. 1985ರಲ್ಲಿ ಡಿಕ್ ರುಟ್ಕೋವ್ಸ್ಕಿ ಅದನ್ನು ಹವ್ಯಾಸಿಗಳಿಗೆ ಕಲಿಸೋಕೆ ಹೊರಟಾಗ ದೊಡ್ಡ ವಿರೋಧ. 'ಮಾಟದ ಗಾಳಿ' ಅಂತ ಹೀಯಾಳಿಸಿದರು. 1996ರಲ್ಲಿ ಪ್ಯಾಡಿಯಂಥ ದೊಡ್ಡ ಸಂಸ್ಥೆಯೇ ಕಲಿಸೋಕೆ ಶುರು ಮಾಡಿತು.

ಈಗ ಪಾಠದಲ್ಲಿ ಹೇಳೋದು ಇಷ್ಟು: ಮಾಮೂಲಿಯಾಗಿ ಆಕ್ಸಿಜನ್ ಪಾಲು 1.4 ದಾಟಬಾರದು, 1.6 ಅನ್ನೋದು ಕಟ್ಟಕಡೆಯ ಮಿತಿ. 32% ಮಿಶ್ರಣಕ್ಕೆ 1.4 ಬರೋದು ಸುಮಾರು 33 ಮೀಟರಿಗೆ, 1.6 ಬರೋದು 40 ಮೀಟರಿಗೆ. ಕಾಲಕ್ಕೂ ಲೆಕ್ಕ ಇದೆ. ನೋವಾ ಕೋಷ್ಟಕದಲ್ಲಿ ಒಂದು ಸಲದ ಮಿತಿ 1.4ರಲ್ಲಿ 150 ನಿಮಿಷ, 1.6ರಲ್ಲಿ ಬರೀ 45.

ಪ್ರೋಗ್ರಾಮ್ ಬರೆಯೋ ನಮ್ಮಂಥವರಿಗೆ ಇಂಥ ಸಂಖ್ಯೆ ಕಂಡರೆ ಖುಷಿ. "1.4 ದಾಟಿದರೆ ಅಲಾರಾಂ" ಅಂತ ಒಂದು ಸಾಲು ಬರೆದರೆ ಆಯ್ತು. ಕೈಗಡಿಯಾರದಂಥ ಡೈವ್ ಕಂಪ್ಯೂಟರ್ ಆಕ್ಸಿಜನ್ ಲೆಕ್ಕವನ್ನು 62%, 80% ಅಂತ ಬ್ಯಾಟರಿ ಥರ ತೋರಿಸುತ್ತೆ. ಆದರೆ 99ಕ್ಕೆ ಕ್ಷೇಮ, 101ಕ್ಕೆ ಸಾವು ಅಂತ ಯಾವ ದೇಹದಲ್ಲೂ ಬರೆದಿಲ್ಲ. ಗೆರೆ ಎಲ್ಲಿದೆ ಅಂತ ಗೊತ್ತಾಗಿ ಹಾಕಿದ ಮಿತಿ ಇದಲ್ಲ. ಗೆರೆ ಒಂದು ಕಡೆ ನಿಲ್ಲಲ್ಲ ಅಂತ ಗೊತ್ತಾದ ಮೇಲೆ, ಸಾಕಷ್ಟು ದೂರದಲ್ಲೇ ನಿಲ್ಲೋಣ ಅಂತ ತಿಳಿದವರು ಮಾಡಿಕೊಂಡ ಒಪ್ಪಂದ. ನೀರೊಳಗೆ ಫಿಟ್ಸ್ ಬಂದರೆ ಬಾಯಲ್ಲಿನ ನಳಿಕೆ ಜಾರುತ್ತೆ, ಮುಂದಿನದು ಮುಳುಗಿ ಸಾಯೋದು. ಅದಕ್ಕೇ "ನಿನ್ನೆ 1.6 ದಾಟಿದ್ದೆ, ಏನೂ ಆಗಲಿಲ್ಲ" ಅನ್ನೋನಿಗೆ ಕೊಡೋ ಉತ್ತರ ಆ 70 ಅಡಿಯ ಮನುಷ್ಯನ ಲೆಕ್ಕದಲ್ಲೇ ಇದೆ. ನಿನ್ನೆ ಅವನ 148ನೇ ನಿಮಿಷದ ದಿನ ಆಗಿತ್ತೇನೋ. ಇವತ್ತು ಯಾವ ದಿನ ಅಂತ ಇಳಿಯೋ ಮುಂಚೆ ಯಾರಿಗೂ ಹೇಳೋಕಾಗಲ್ಲ.