ಜಮೀನಿಗೆ ಹೋಗುವ ದಾರಿ ಮತ್ತು ಅನುಭೋಗದ ಹಕ್ಕು: ಸಾರ್ವಜನಿಕರಿಗೆ ಮಾಹಿತಿ

ಶಿವಮೊಗ್ಗ ತಾಲ್ಲೂಕಿನ ಸಕ್ರೆಬೈಲು, ಗಾಜನೂರು ಮುಂತಾದ ತುಂಗಾ ತೀರದ ಗ್ರಾಮಗಳಲ್ಲಿ ಗದ್ದೆ ಅಥವಾ ಅಡಿಕೆ ತೋಟಕ್ಕೆ ಹೋಗಲು ಅಕ್ಕಪಕ್ಕದವರ ಜಮೀನನ್ನು ದಾಟಬೇಕಾಗಬಹುದು. ಕೊಯ್ಲಿನ ಕಾಲದಲ್ಲಿ ಆ ದಾರಿ ಮುಚ್ಚಿದರೆ ಫಸಲು ಜಮೀನಿನಲ್ಲಿಯೇ ಉಳಿಯುತ್ತದೆ. ದಾರಿಯ ಸ್ವರೂಪವನ್ನು ಮೊದಲೇ ತಿಳಿದುಕೊಂಡಲ್ಲಿ ಸೂಕ್ತ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು.

1. ಹಕ್ಕಿನ ಅರ್ಥ
ಒಬ್ಬರ ಸ್ಥಿರಾಸ್ತಿಯ ಅನುಕೂಲಕ್ಕಾಗಿ ಮತ್ತೊಬ್ಬರ ಸ್ಥಿರಾಸ್ತಿಯ ಮೇಲೆ ಇರುವ ಸೀಮಿತ ಹಕ್ಕೇ ಅನುಭೋಗದ ಹಕ್ಕು ಅಥವಾ ಈಸ್‌ಮೆಂಟ್. ದಾರಿ, ನೀರು, ಗಾಳಿ, ಬೆಳಕು ಇದಕ್ಕೆ ಉದಾಹರಣೆಗಳು. ಇದು ಭೂಮಿಯ ಒಡೆತನವನ್ನು ನೀಡುವುದಿಲ್ಲ.

2. ಹಕ್ಕು ಪ್ರಾಪ್ತವಾಗುವ ವಿಧ (ಭಾರತೀಯ ಈಸ್‌ಮೆಂಟ್ ಅಧಿನಿಯಮ, 1882)
ಅ) ಒಪ್ಪಂದ: ಕ್ರಯಪತ್ರ ಅಥವಾ ವಿಭಾಗ ಪತ್ರದಲ್ಲಿ ದಾರಿಯನ್ನು ಬಿಟ್ಟುಕೊಟ್ಟಿದ್ದಲ್ಲಿ.
ಆ) ಅವಶ್ಯಕತೆ: ಒಂದೇ ಜಮೀನು ವಿಭಾಗ ಅಥವಾ ಮಾರಾಟವಾಗಿ, ಒಂದು ಭಾಗಕ್ಕೆ ಬೇರೆ ದಾರಿಯೇ ಇಲ್ಲದಿದ್ದಲ್ಲಿ. ಬೇರೆ ದಾರಿ ದೊರೆತು ಅವಶ್ಯಕತೆ ತೀರಿದಾಗ ಈ ಹಕ್ಕು ಕೊನೆಗೊಳ್ಳುತ್ತದೆ.
ಇ) ದೀರ್ಘಕಾಲದ ಬಳಕೆ: ಶಾಂತಿಯುತವಾಗಿ, ಬಹಿರಂಗವಾಗಿ, ಹಕ್ಕಿನಿಂದ, ಅಡೆತಡೆಯಿಲ್ಲದೆ 20 ವರ್ಷ ಬಳಸಿದ್ದಲ್ಲಿ. ಸರ್ಕಾರಿ ಜಮೀನಾದರೆ 30 ವರ್ಷ. ಈ ಅವಧಿಯು ದಾವೆ ಹೂಡುವ ಹಿಂದಿನ ಎರಡು ವರ್ಷಗಳೊಳಗೆ ಮುಕ್ತಾಯಗೊಂಡಿರಬೇಕು. ಮಾಲೀಕರ ಅನುಮತಿ ಪಡೆದು ಓಡಾಡಿದ ಅವಧಿ ಇದಕ್ಕೆ ಸೇರುವುದಿಲ್ಲ.

ಅರಣ್ಯದಂಚಿನ ನಿವಾಸಿಗಳು ಗಮನಿಸತಕ್ಕದ್ದು: ಮೀಸಲು ಅರಣ್ಯಕ್ಕೆ ಕರ್ನಾಟಕ ಅರಣ್ಯ ಅಧಿನಿಯಮ, 1963 ಅನ್ವಯಿಸುತ್ತದೆ. ಅಲ್ಲಿ ಕೇವಲ ಬಹುಕಾಲ ಓಡಾಡಿದ ಮಾತ್ರಕ್ಕೆ ಹೊಸ ಹಕ್ಕು ಹುಟ್ಟುವುದಿಲ್ಲ.

3. ಅರ್ಜಿ ಎಲ್ಲಿ ಸಲ್ಲಿಸಬೇಕು?
ಅ) ಮೊದಲು ಗ್ರಾಮ ನಕಾಶೆಯನ್ನು ಪರಿಶೀಲಿಸಿರಿ. ನಕಾಶೆಯಲ್ಲಿ ಸಾರ್ವಜನಿಕ ದಾರಿ ಇದ್ದು ಒತ್ತುವರಿಯಾಗಿದ್ದಲ್ಲಿ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಬಹುದು.
ಆ) ಖಾಸಗಿ ಜಮೀನಿನಲ್ಲಿನ ಹಕ್ಕು ವಿವಾದಕ್ಕೊಳಗಾದಲ್ಲಿ ಘೋಷಣೆ ಹಾಗೂ ತಡೆಯಾಜ್ಞೆ ಕೋರಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು.
ಇ) ಶಾಂತಿಭಂಗದ ಸಂಭವವಿದ್ದಲ್ಲಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಪ್ರಕರಣ 166ರಂತೆ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ವಿಚಾರಣೆ ನಡೆಸಬಹುದು. ವರ್ಷವಿಡೀ ಬಳಸುವ ದಾರಿಯನ್ನು ವಿಚಾರಣೆಗೆ ಕಾರಣವಾದ ದೂರು ತಲುಪುವ ಹಿಂದಿನ ಮೂರು ತಿಂಗಳೊಳಗೆ ಬಳಸಿರಬೇಕು. ಹಂಗಾಮಿನಲ್ಲಿ ಮಾತ್ರ ಬಳಸುವುದಾದರೆ ಕಳೆದ ಹಂಗಾಮಿನಲ್ಲಿ ಬಳಸಿರಬೇಕು. ಆದ್ದರಿಂದ ವಿಳಂಬ ಸಲ್ಲದು. ಈ ಆದೇಶವು ಸಿವಿಲ್ ನ್ಯಾಯಾಲಯದ ಮುಂದಿನ ತೀರ್ಪಿಗೆ ಒಳಪಟ್ಟಿರುತ್ತದೆ.

4. ಉಪಯುಕ್ತ ದಾಖಲೆಗಳು
ಗ್ರಾಮ ನಕಾಶೆ, ಎರಡೂ ಜಮೀನುಗಳ ಪಹಣಿ, ಕ್ರಯ ಅಥವಾ ವಿಭಾಗ ಪತ್ರ, ಸ್ಥಳದ ಛಾಯಾಚಿತ್ರ, ನೆರೆಹೊರೆಯವರ ಹೇಳಿಕೆ. ಪಹಣಿಯಲ್ಲಿ ದಾರಿ ನಮೂದಾಗಿಲ್ಲವೆಂಬ ಒಂದೇ ಕಾರಣದಿಂದ ಹಕ್ಕು ಇಲ್ಲವಾಗುವುದಿಲ್ಲ.

ಜಮೀನನ್ನು ವಿಭಾಗ ಅಥವಾ ಮಾರಾಟ ಮಾಡುವಾಗ ದಾರಿಯ ಅಗಲ ಹಾಗೂ ಚಕ್ಕುಬಂದಿಯನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸಿಕೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.